ಒಳಗೆ ಆತಂಕವಿದೆ, ಸದ್ದು ಮಾಡಬಾರದು

ಮೈಕಣ್ಣ ಎಂಬ ಹೆಸರು ಕೇಳಿ ಈತನಿಗೆ ಮೈಯೆಲ್ಲ ಕಣ್ಣು ಎಂದುಕೊಳ್ಳಬಾರದು. ಕಣ್ಣು ಎಲ್ಲರ ಹಾಗೆ ಎರಡೇ. ಅವೂ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕಿ ಹುಡುಕಿಯೇ ಸವೆದಿದ್ದವು. ಮೈಯೆಲ್ಲ ಇದ್ದದ್ದು ಗಂಟಲು. ಮೂವತ್ತೊಂದು ವರ್ಷ ರೈಲು ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಬರುವ ಗಾಡಿ, ಹೋಗುವ ಗಾಡಿ, ಬರಬೇಕಾಗಿದ್ದೂ ಬಾರದ ಗಾಡಿ ಎಲ್ಲದರ ಸುದ್ದಿಯನ್ನೂ ಊರಿನ ಕಿವಿಗೆ ಮುಟ್ಟಿಸಿದವನು ಅವನು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಆ ಕೆಲಸದಲ್ಲಿ ಒಂದು ವಿಶೇಷವಿದೆ. ಇಂಜಿನ್ ಕೆಡಿಸಿದವನು ಬೇರೆ, ಸಿಗ್ನಲ್ ಮರೆತವನು ಬೇರೆ. ಆದರೆ ಊರಿನ ಮುಂದೆ ತಲೆ ತಗ್ಗಿಸಬೇಕಾದವನು ಮೈಕಣ್ಣ. "ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ" ಎಂದು ದಿನಕ್ಕೆ ಇಪ್ಪತ್ತು ಸಲವಾದರೂ ಹೇಳುತ್ತಿದ್ದ. ಊರಿಗೆಲ್ಲ ಹೀಗೆ ಧಾರಾಳವಾಗಿ ಹಂಚುತ್ತಿದ್ದುದರಿಂದಲೋ ಏನೋ, ಮನೆಗೆ ಬರುವಷ್ಟರಲ್ಲಿ ಅವನ ವಿಷಾದದ ದಾಸ್ತಾನು ಪೂರಾ ಖಾಲಿಯಾಗಿರುತ್ತಿತ್ತು. ಹಾಲು ಉಕ್ಕಿಸಿದಾಗಲಿ, ಕೊಡೆ ಕಳೆದು ಬಂದಾಗಲಿ, ಹೆಂಡತಿಯ ಎದುರು "ತಪ್ಪಾಯ್ತು" ಎಂಬ ಮಾತು ಅವನ ಬಾಯಿಂದ ಒಮ್ಮೆಯೂ ಹೊರಬಿದ್ದಿರಲಿಲ್ಲ. ಆದರೆ ಆ ದನಿ ಮಾತ್ರ ಮನೆಗೂ ಬರುತ್ತಿತ್ತು.

"ದಯವಿಟ್ಟು ಗಮನಿಸಿ. ಬಚ್ಚಲಿನಲ್ಲಿ ಸೋಪು ಮುಗಿದಿರುತ್ತದೆ. ದಯವಿಟ್ಟು ಗಮನಿಸಿ. ಬಚ್ಚಲಿನಲ್ಲಿ ಸೋಪು ಮುಗಿದಿರುತ್ತದೆ."

ಹೀಗೆ ಪ್ರತಿಯೊಂದನ್ನೂ ಎರಡೆರಡು ಸಲ ಹೇಳುವ ಗಂಡನೊಂದಿಗೆ ಬಾಳಿದ ಆ ಹೆಂಗಸು ಲೆಕ್ಕಕ್ಕೆ ಮೂವತ್ತೊಂದು ವರ್ಷ ಸಂಸಾರ ಮಾಡಿದ್ದರೂ ಕಿವಿಗೆ ಅರವತ್ತೆರಡಾಗಿತ್ತು.

ಮೈಕಣ್ಣನಿಗೆ ನಿವೃತ್ತಿಯಾಯಿತು. ಅವನ ಜಾಗಕ್ಕೆ ಒಂದು ಯಂತ್ರ ಬಂತು. ಒಬ್ಬ ಹೆಣ್ಣುಮಗಳ ದನಿಯನ್ನು ಕತ್ತರಿಸಿ ಅಂಟಿಸಿ ಅದರೊಳಗೆ ತುಂಬಿದ್ದರು. ಹಳಿಯ ಪಕ್ಕದ ಕ್ವಾರ್ಟರ್ಸ್ ಬಿಡಬೇಕಾಯಿತು. ಹೆಂಡತಿ ಊರಿನ ಇನ್ನೊಂದು ತುದಿಯಲ್ಲಿ, ರೈಲಿನ ಸದ್ದೇ ಸುಳಿಯದ ಕಡೆ ಎರಡು ಕೋಣೆಯ ಬಾಡಿಗೆ ಮನೆ ಹುಡುಕಿದಳು. ಲಾರಿ ಬರುವ ಹಿಂದಿನ ದಿನ, ಹೊಲಿಗೆ ಯಂತ್ರಕ್ಕೆ ಗೋಣಿ ಸುತ್ತುತ್ತಾ ಅವಳು ಷರತ್ತು ಹಾಕಿದಳು.

"ನೋಡಿ, ಅಲ್ಲಿ ಅಕ್ಕಪಕ್ಕ ಹೊಸ ಜನ. ಹೋದ ದಿನವೇ 'ದಯವಿಟ್ಟು ಗಮನಿಸಿ' ಅಂತ ರಾಗ ಎಳೆದ್ರೆ ನಾನು ನಮ್ಮಕ್ಕನ ಮನೆಗೆ ಹೊರಟೆ ಅಂತಲೇ ತಿಳ್ಕೊಳ್ಳಿ. ಮನುಷ್ಯರು ಮಾತಾಡೋ ಹಾಗೆ ಮಾತಾಡ್ಬೇಕು. ಆಗುತ್ತಾ?"

"ಆಗುತ್ತೆ. ಆಗುತ್ತೆ."

"ನೋಡಿ, ಎರಡು ಸಲ!"

"ಆಗುತ್ತೆ," ಎಂದ ಮೈಕಣ್ಣ, ಒಂದೇ ಸಲ. ಹೇಳಿದ ಮೇಲೆ ಗಂಟಲಲ್ಲಿ ಇನ್ನೊಂದು "ಆಗುತ್ತೆ" ಸಿಕ್ಕಿಕೊಂಡು ಕೆಮ್ಮು ಬಂತು.

ಈಗ ಪಾರ್ಸಲ್ ವಿಷಯ. ಒಂಬತ್ತು ವರ್ಷದ ಹಿಂದೆ ಪಾರ್ಸಲ್ ಆಫೀಸಿನಲ್ಲಿ ಒಂದು ಬಿದಿರು ಬುಟ್ಟಿ ಬಿದ್ದಿತ್ತು. ಒಳಗೆ ಅಂಗೈಯಗಲದ ಒಂದು ಬೆಕ್ಕಿನ ಮರಿ. "ಬುಟ್ಟಿಯ ವಾರಸುದಾರರು ಕೂಡಲೇ ಬಂದು ಪಡೆಯತಕ್ಕದ್ದು" ಎಂದು ಮೈಕಣ್ಣ ಮೂರು ದಿನ ಕೂಗಿದ. ಮೂರು ದಿನವೂ ಆ ಮರಿ ಅವನ ಮೇಜಿನ ಮೇಲೆ ಕೂತು ತನ್ನದೇ ಪ್ರಕಟಣೆಯನ್ನು ಕಿವಿ ನಿಮಿರಿಸಿ ಕೇಳಿತು. ಯಾರೂ ಬರಲಿಲ್ಲ. ನಾಲ್ಕನೇ ದಿನ ಅವನೇ ವಾರಸುದಾರನಾಗಿ, ಮರಿಗೆ ಪಾರ್ಸಲ್ ಎಂದೇ ಹೆಸರಿಟ್ಟ.

ಪಾರ್ಸಲ್ ಮಹಾ ಪುಕ್ಕಲು. ಮಡಿಸಿದ ಕೊಡೆ ಕಂಡರೆ ಹೆದರಿಕೆ, ಬಿಚ್ಚಿದರೆ ಇನ್ನೂ ಹೆದರಿಕೆ. ಯಾರಾದರೂ ಸೀನಿದರೆ ಬೀರುವಿನ ಹಿಂದೆ. ಮೈಕಣ್ಣನ ಬಾಮೈದ ಬಂದರೆ ಅವನು ಹೋಗಿ ಅರ್ಧ ದಿನವಾದರೂ ಬೀರುವಿನ ಹಿಂದೆ. ಆದರೆ ನಲವತ್ತು ಬೋಗಿಯ ಗೂಡ್ಸ್ ಗಾಡಿ ಕಿಟಕಿ ಅಲ್ಲಾಡಿಸಿಕೊಂಡು ಹಾದುಹೋದರೆ ಅದೇ ಪಾರ್ಸಲ್ ಆಕಳಿಸಿ ಮಗ್ಗುಲು ಬದಲಿಸುತ್ತಿತ್ತು. ಈ ಸಂಗತಿಯನ್ನು ಯಾರಾದರೂ ಎರಡು ನಿಮಿಷ ಕೂತು ಯೋಚಿಸಿದ್ದರೆ ನಮ್ಮ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಯೋಚಿಸಲು ಯಾರಿಗೆ ಪುರಸೊತ್ತು?

ಮೈಕಣ್ಣ ಮನೆ ಬದಲಾವಣೆಗೂ ವೇಳಾಪಟ್ಟಿ ಬರೆದಿದ್ದ. ಮಂಚ, ಬೀರು: ಏಳು ಹತ್ತು. ಪಾತ್ರೆ ಪಗಡ: ಏಳೂವರೆ. ಬೆಕ್ಕು: ಏಳು ನಲವತ್ತೈದು. ಲಾರಿ ಬಂದದ್ದು ಒಂಬತ್ತೂಕಾಲಿಗೆ. ಪಾರ್ಸಲ್ ತಾನು ಬಂದಿದ್ದ ಅದೇ ಬಿದಿರು ಬುಟ್ಟಿಯೊಳಗೆ, ಮೈಕಣ್ಣನ ಹಳೆಯ ಸಮವಸ್ತ್ರದ ಕೋಟಿನ ಮೇಲೆ ಕೂತು, ಊರಿನ ಆ ತುದಿಯಿಂದ ಈ ತುದಿಯವರೆಗೆ ಒಂದೇ ಉಸಿರಿನಲ್ಲಿ ಅತ್ತಿತು. ಹೊಸ ಮನೆಯಲ್ಲಿ ಬುಟ್ಟಿಯ ಮುಚ್ಚಳ ತೆಗೆದದ್ದೇ ತಡ, ಒಂದು ಕಪ್ಪು ಗೆರೆ ಗೋಡೆಯ ಮೇಲೆ ಹಾದು, ಒಳಕೋಣೆಯ ಅಟ್ಟ ಸೇರಿ, ಸುತ್ತಿಟ್ಟ ಹಾಸಿಗೆಗಳ ಹಿಂದೆ ಮಾಯವಾಯಿತು. ಆಮೇಲೆ ಕಂಡದ್ದು ಎರಡು ಹಸಿರು ಚುಕ್ಕೆ ಮಾತ್ರ.

ಸಂಜೆಗೆ ಹಾಲು ಇಟ್ಟರು, ಮುಟ್ಟಲಿಲ್ಲ. ಬೆಳಿಗ್ಗೆ ಮೀನು ಇಟ್ಟರು, ಮೂಸಲೂ ಇಲ್ಲ. ಮೈಕಣ್ಣ ಸ್ಟೂಲು ಹತ್ತಿ, ಮನುಷ್ಯರು ಮಾತಾಡುವ ಹಾಗೆ, "ಬಾ ಕಂದ," ಎಂದ. ಆ ದನಿ ಕೇಳಿ ಪಾರ್ಸಲ್ ಇನ್ನೂ ಹಿಂದೆ ಸರಿಯಿತು. ಈ ಪಿಸುಮಾತಿನ ಮನುಷ್ಯ ಯಾರೆಂದು ಅದಕ್ಕೆ ಗುರುತೇ ಸಿಗಲಿಲ್ಲ.

ಆಗ ಬಂದ ಬಾಮೈದ. ಅವನದು ಔಷಧಿ ಅಂಗಡಿ. ಯಾವ ಮಾತನ್ನೂ ಬಾಟಲಿಯ ಮೇಲಿನ ಚೀಟಿ ಓದಿದ ಹಾಗೇ ಆಡುತ್ತಿದ್ದ.

"ಇದು ಸ್ಥಳ ಬದಲಾವಣೆಯ ಆತಂಕ, ಭಾವ. ಇದಕ್ಕೆ ಒಂದೇ ಮದ್ದು. ಮೌನ. ದಿನಕ್ಕೆ ಇಪ್ಪತ್ನಾಲ್ಕು ಗಂಟೆ. ಊಟಕ್ಕೆ ಮುಂಚೆ, ಊಟ ಆದ ಮೇಲೆ."

"ಊಟ ಮಾಡ್ತಾನೇ ಇಲ್ಲವಲ್ಲೋ ಅದು!"

"ಹಾಗಿದ್ರೆ ಖಾಲಿ ಹೊಟ್ಟೆಗೆ. ಬೆಕ್ಕಿನ ಕಿವಿ ಅಂದ್ರೆ ಏನಂದ್ಕೊಂಡ್ರಿ? ನೀವು ಸೂಜಿ ಬೀಳಿಸಿದ್ರೆ ಅದಕ್ಕೆ ಸೇತುವೆ ಬಿದ್ದ ಹಾಗೆ. ಬೆಕ್ಕು ಮೂರು ದಿನಕ್ಕಿಂತ ಹೆಚ್ಚು ಉಪವಾಸ ಇದ್ರೆ ಒಳಗಿನ ಅಂಗಾಂಗ ಕೆಡುತ್ತೆ. ಆಮೇಲೆ ನನ್ನನ್ನ ಕೇಳ್ಬೇಡಿ."

ಕೊನೆಯ ಮಾತು ಮೈಕಣ್ಣನ ಎದೆಗೆ ನಾಟಿತು. ಅಂದಿನಿಂದ ಆ ಮನೆಯಲ್ಲಿ ಮೌನದ ಆಳ್ವಿಕೆ ಶುರುವಾಯಿತು. ಗೋಡೆ ಗಡಿಯಾರದ ಲೋಲಕ ಹಿಡಿದು ನಿಲ್ಲಿಸಿದ. ಕುಕ್ಕರಿಗೆ ರಜೆ ಕೊಟ್ಟ. ಕಾಲುಚೀಲ ಹಾಕಿಕೊಂಡು ನಡೆದ. ನಲ್ಲಿಯ ತೊಟತೊಟಕ್ಕೆ ಬಟ್ಟೆ ಕಟ್ಟಿದ. ಕಡೆಗೆ ಹೊಲಿಗೆ ಯಂತ್ರದ ಗೋಣಿ ಬಿಚ್ಚಲು ಹೊರಟ ಹೆಂಡತಿಯ ಕೈ ಹಿಡಿದ.

"ರೀ, ಶಾಲೆ ಮಕ್ಕಳ ಅರವತ್ತು ಅಂಗಿ ಇದೆ. ಸೋಮವಾರ ಕೊಡ್ಬೇಕು."

"ಜೀವಕ್ಕಿಂತ ಅಂಗಿ ಹೆಚ್ಚಾ?" ಎಂದು ಪಿಸುಗುಟ್ಟಿದ ಮೈಕಣ್ಣ.

ಅವಳು ಅಟ್ಟದ ಕಡೆ ನೋಡಿದಳು. ಸೂಜಿ ತೆಗೆದುಕೊಂಡು ಕೈಯಲ್ಲೇ ಹೊಲಿಯಲು ಕೂತಳು.

ಹೊರಗಿನ ಸದ್ದಿಗೆ ಏನು ಮಾಡುವುದು? ಮೈಕಣ್ಣ ಒಂದು ರಟ್ಟಿನ ಮೇಲೆ, ಬಾಯಿಗೆ ಬೀಗ ಬಿದ್ದ ಮೇಲೆ ಕೈಗಾದರೂ ಇರಲಿ ಎಂದು ತನ್ನ ಹಳೆಯ ಭಾಷೆಯಲ್ಲೇ ಬರೆದು ಬಾಗಿಲಿಗೆ ನೇತುಹಾಕಿದ: "ದಯವಿಟ್ಟು ಗಮನಿಸಿ. ಒಳಗೆ ಆತಂಕವಿದೆ, ಸದ್ದು ಮಾಡಬಾರದು."

ಯಾರಿಗೆ ಆತಂಕ ಎಂದು ಬರೆಯಲಿಲ್ಲ. ಮೂವತ್ತೊಂದು ವರ್ಷ ಗಾಡಿ ತಡ ಎಂದವನು ಏಕೆ ತಡ ಎಂದು ಯಾವತ್ತಾದರೂ ಹೇಳಿದ್ದನೇ?

ಬೋರ್ಡು ಮೊದಲು ಓದಿದವರು ಪಕ್ಕದ ಮನೆಯ ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ಅಂದಿನಿಂದ ಬೀದಿಯಲ್ಲಿ ಒಬ್ಬನೂ ಸರಿಯಾಗಿ ಕಾಯಿಲೆ ಬೀಳುತ್ತಿಲ್ಲವೆಂಬ ಕೊರಗಿನಲ್ಲಿದ್ದರು. ಅವರು ಗೇಟಿನ ಹತ್ತಿರ ಬಂದು "ಏನ್ರೀ..." ಎಂದು ಬಾಯಿ ತೆರೆದದ್ದೇ ತಡ, ಮೈಕಣ್ಣ ಓಡಿಬಂದು ತುಟಿಯ ಮೇಲೆ ಬೆರಳಿಟ್ಟ. ನರ್ಸಮ್ಮ ತಕ್ಷಣ ಬಾಯಿ ಮುಚ್ಚಿದರು. ಅಲ್ಲಿಂದ ಮುಂದೆ ಸಂಭಾಷಣೆಯೆಲ್ಲ ಕೈಯಲ್ಲಿ.

ನರ್ಸಮ್ಮ ಒಳಗಡೆ ಕೈ ತೋರಿಸಿ, ತಲೆ ಓರೆ ಮಾಡಿ ಕೆನ್ನೆಗೆ ಅಂಗೈ ಇಟ್ಟರು: ಮಲಗಿದ್ದಾರೆಯೇ?

ಮೈಕಣ್ಣ ತಲೆ ಅಡ್ಡಡ್ಡ ಆಡಿಸಿ, ಎರಡು ಬೆರಳಿನಿಂದ ಕಣ್ಣು ಅಗಲಿಸಿ ತೋರಿಸಿದ: ನಿದ್ದೆಯೇ ಇಲ್ಲ, ಪಿಳಿಪಿಳಿ ನೋಡುತ್ತೆ.

ನರ್ಸಮ್ಮ ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದರು: ಊಟ?

ಮೈಕಣ್ಣ ಎರಡು ಬೆರಳೆತ್ತಿ, ಕೈ ಕೊಡವಿದ: ಎರಡು ದಿನದಿಂದ ಏನೂ ಇಲ್ಲ.

ವಯಸ್ಸೆಷ್ಟು ಎಂಬುದಕ್ಕೆ ನರ್ಸಮ್ಮ ಬೆನ್ನು ಬಾಗಿಸಿ ಊರುಗೋಲು ಹಿಡಿದಂತೆ ನಟಿಸಿದರು. ಮೈಕಣ್ಣ ಒಂಬತ್ತು ಬೆರಳು ತೋರಿಸಿದ.

ತೊಂಬತ್ತು! ನರ್ಸಮ್ಮನ ಕಣ್ಣಲ್ಲಿ ನೀರು ತುಂಬಿತು. ತೊಂಬತ್ತು ವರ್ಷದ ಜೀವವನ್ನು ಈ ವಯಸ್ಸಿನಲ್ಲಿ ಮನೆ ಬದಲಾಯಿಸಿ ತಂದಿದ್ದಾರೆ. ಅನ್ನ ನೀರು ಬಿಟ್ಟು ಪಿಳಿಪಿಳಿ ನೋಡುತ್ತಿದೆ. ಅವರು ಮೈಕಣ್ಣನ ಭುಜ ತಟ್ಟಿ, ತುದಿಗಾಲಿನಲ್ಲಿ ಹಿಂದಿರುಗಿದರು. ಒಂದು ಬೆಕ್ಕಿಗೆ ಇಷ್ಟೊಂದು ಮರುಗುವ ನೆರೆಯವರು ಯಾವ ಕಾಲಕ್ಕೆ ಸಿಗುತ್ತಾರೆ ಎಂದು ಮೈಕಣ್ಣನ ಮನಸ್ಸೂ ತುಂಬಿ ಬಂತು.

ಎದುರು ಮನೆಯಲ್ಲಿ ಡಬ್ಬಿಯಣ್ಣ ಇದ್ದ. ತಗಡು ಬಡಿದು ಪೆಟ್ಟಿಗೆ, ಬಕೆಟ್ಟು ಮಾಡುವವನು. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಅವನ ಸುತ್ತಿಗೆ ಕತ್ತಲಾಗುವವರೆಗೂ ನಿಲ್ಲುತ್ತಿರಲಿಲ್ಲ. ಮಹಡಿಯ ಮೇಲೆ ಟ್ರಂಪೆಟ್ ಮೇಷ್ಟ್ರು. ಸಂಜೆ ಆರು ಜನ ಶಿಷ್ಯರಿಗೆ ಊದುವುದನ್ನು ಕಲಿಸುತ್ತಿದ್ದರು. ಮೊದಲ ದಿನ ಸಾಮಾನು ಇಳಿಸುವ ಗಲಾಟೆಯಲ್ಲಿ ಇದೊಂದೂ ಮೈಕಣ್ಣನ ಕಿವಿಗೆ ಬಿದ್ದಿರಲಿಲ್ಲ. ಎರಡನೇ ದಿನಕ್ಕೆ ನರ್ಸಮ್ಮನ ಸುದ್ದಿ ಮನೆಮನೆಗೂ ಮುಟ್ಟಿತ್ತು. ಡಬ್ಬಿಯಣ್ಣ ಸುತ್ತಿಗೆಗೆ ಹಳೆ ಟವೆಲು ಸುತ್ತಿ ನೋಡಿದ; ಆದರೂ ತಗಡು ಬಾಯಿ ಬಿಡುತ್ತದೆ ಎಂದು ಸುತ್ತಿಗೆಯನ್ನೇ ಕೆಳಗಿಟ್ಟು ಹೊಸಲಿನ ಮೇಲೆ ಕೂತ. ಮೇಷ್ಟ್ರ ಶಿಷ್ಯರು ಊದದೆ ಬರೀ ಬೆರಳಾಡಿಸಿದರು. ತರಕಾರಿಯವನು ಗಾಡಿಯ ಚಕ್ರಕ್ಕೆ ಎಣ್ಣೆ ಬಿಟ್ಟು, "ಟೊಮ್ಯಾಟೋ" ಎಂದು ಕೂಗುವ ಬದಲು ಒಂದು ಟೊಮ್ಯಾಟೊವನ್ನು ತಲೆಯ ಮೇಲೆ ಎತ್ತಿ ಹಿಡಿದು ಮೆರವಣಿಗೆ ಹೋದ ಹಾಗೆ ಹೋದ.

ಕಿಟಕಿಯಿಂದ ಇದನ್ನೆಲ್ಲ ನೋಡಿ ಮೈಕಣ್ಣ ಹೆಂಡತಿಗೆ ಪಿಸುಗುಟ್ಟಿದ: "ಎಂಥ ಬೀದಿ ಹುಡುಕಿದ್ದೀಯೇ! ಜನ ಉಸಿರಾಡೋದೂ ಕೇಳಲ್ಲ."

"ಸ್ಮಶಾನದ ಹಾಗಿದೆ," ಎಂದಳು ಅವಳು, ದಾರ ಕಚ್ಚುತ್ತಾ.

ಮೂರನೇ ದಿನ ಪಾರ್ಸಲ್ ನೀರನ್ನೂ ಬಿಟ್ಟಿತು. ಬಾಮೈದ ಬಂದು, ಅಟ್ಟಕ್ಕೆ ಬ್ಯಾಟರಿ ಬಿಟ್ಟು ನೋಡಿ, ತಲೆಯಾಡಿಸಿದ. "ಡೋಸು ಸಾಲ್ತಾ ಇಲ್ಲ ಭಾವ. ಇನ್ನೂ ಸ್ವಲ್ಪ ಮೌನ ಜಾಸ್ತಿ ಮಾಡಿ."

"ಇನ್ನು ಎಲ್ಲಿಂದ ತರ್ಲೋ? ಇರೋ ಅಷ್ಟನ್ನೂ ಹಾಕಾಯ್ತು."

ಮೈಕಣ್ಣ ಕಾಲುಚೀಲದ ಮೇಲೆ ಇನ್ನೊಂದು ಜೊತೆ ಕಾಲುಚೀಲ ಹಾಕಿಕೊಂಡ. ನಡುಮಧ್ಯಾಹ್ನ ಸ್ಟೂಲಿನ ಮೇಲೆ ನಿಂತು ಹಾಸಿಗೆಯ ಸಂದಿಗೆ ಕೈ ಹಾಕಿದ. ಬೆರಳಿಗೆ ಬೆನ್ನೆಲುಬು ಸಿಕ್ಕಿತು. ಮೊದಲು ಅಲ್ಲಿ ಎಲುಬು ಸಿಗುತ್ತಿರಲಿಲ್ಲ, ಬೆಕ್ಕು ಸಿಗುತ್ತಿತ್ತು. ಅವನು ಆ ಸ್ಟೂಲಿನ ಮೇಲೆ ಬಹಳ ಹೊತ್ತು ನಿಂತೇ ಇದ್ದ. ಕೆಳಗೆ ಹೆಂಡತಿ ಅಂಗಿ ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಅವಳ ಹೆಬ್ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ಬಟ್ಟೆ ಸುತ್ತಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಬಾಗಿಲ ಮುಂದೆ ವಾರ್ಡ್ ಆಫೀಸಿನವರು ಬಂದು ನಿಂತರು. ಬಾಗಿಲು ತಟ್ಟಲಿಲ್ಲ, ಯಾರಾದರೂ ತೆರೆಯುವವರೆಗೆ ಅರ್ಧ ಗಂಟೆ ಹಾಗೇ ಕಾದರು. ಕಂಕುಳಲ್ಲಿ ತಗಡಿನ ಫಲಕ: "ನಿಶ್ಶಬ್ದ ವಲಯ." ಕೈಯಲ್ಲಿ ನಾಲ್ಕು ಪುಟದ ಫಾರಂ.

"ಬೀದಿಯವರ ಅರ್ಜಿ ಬಂದಿದೆ ಸಾರ್. ಮೂವತ್ನಾಲ್ಕು ಜನ ಸಹಿ ಹಾಕಿದ್ದಾರೆ," ಎಂದು ಅವರು ಪಿಸುಗುಟ್ಟಿದರು. "ಆಸ್ಪತ್ರೆ ಇಲ್ಲದ ಕಡೆ ಈ ಬೋರ್ಡು ಹಾಕೋ ಹಾಗಿಲ್ಲ. ಆದ್ರೆ ನರ್ಸಮ್ಮ ನಮ್ಮ ಆಫೀಸಿಗೆ ಬಂದು ಅತ್ತುಬಿಟ್ರು. ರೋಗಿಯ ಹೆಸರು ಹೇಳಿ, ಬರ್ಕೊಳ್ತೀನಿ."

"ಪಾರ್ಸಲ್."

ವಾರ್ಡಿನವರು ಪೆನ್ನು ನಿಲ್ಲಿಸಿದರು. "ಅದು ಮನೆ ಹೆಸರಿರ್ಬೇಕು. ಇರ್ಲಿ. ನಿಮಗೆ ಏನಾಗ್ಬೇಕು? ತಾಯಿನಾ, ಅತ್ತೆನಾ? 'ತೊಂಬತ್ತು ವರ್ಷದ ವೃದ್ಧೆ' ಅಂತ ಅರ್ಜಿಲಿದೆ."

 ಮೈಕಣ್ಣ ವಾರ್ಡಿನವರ ಹೆಗಲ ಮೇಲಿಂದ ಬೀದಿಯನ್ನು ಮೊದಲ ಸಲ ನೋಡಿದವನಂತೆ ನೋಡಿದ. ಡಬ್ಬಿಯಣ್ಣ ಹೊಸಲಿನ ಮೇಲೆ ಕೂತು ಕೆಲಸವಿಲ್ಲದ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡಿದ್ದ. ಅವನ ಹಿಂದೆ ಅರ್ಧಕ್ಕೆ ಬಗ್ಗಿಸಿದ ತಗಡುಗಳು. ಮಹಡಿಯ ಮೇಲೆ ಮೇಷ್ಟ್ರು ಟ್ರಂಪೆಟ್ಟನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು, ಊದಲಿಕ್ಕಾಗದ ವಾದ್ಯವನ್ನು ಇನ್ನೇನು ಮಾಡುವುದೆಂದು. ತನ್ನ ಹೆಸರೂ ಗೊತ್ತಿಲ್ಲದ ಮೂವತ್ನಾಲ್ಕು ಜನ ಮೂರು ದಿನದಿಂದ ಉಸಿರು ಬಿಗಿಹಿಡಿದು ಕೂತಿದ್ದಾರೆ. ಅವನು ಅದನ್ನು ಬೀದಿಯ ಸ್ವಭಾವ ಎಂದುಕೊಂಡಿದ್ದ.

ಒಳಗೆ ಬಂದು ಹೆಂಡತಿಗೆ ಹೇಳಿದ. ಅವಳು ಸೂಜಿ ಕೆಳಗಿಟ್ಟಳು.

"ಹೋಗಿ ಹೇಳಿ ಅವರಿಗೆ."

"ಏನಂತ?"

"ತಪ್ಪಾಯ್ತು ಅಂತ. ಇನ್ನೇನು, ಗಾಡಿ ಎರಡು ಗಂಟೆ ತಡ ಅಂತಲಾ?"

ಮೈಕಣ್ಣ ಬಾಗಿಲವರೆಗೆ ಹೋದ, ಬಂದ. ಮತ್ತೆ ಹೋದ, ಬಂದ. ಪರರ ತಪ್ಪಿಗೆ ಲಕ್ಷ ಸಲ ತೆರೆದಿದ್ದ ಬಾಯಿ ಸ್ವಂತದ ಒಂದಕ್ಕೆ ತೆರೆಯಲೊಲ್ಲದು. ಅಷ್ಟು ಹೊತ್ತೂ ವಾರ್ಡಿನವರು ಹೊರಗೆ ಫಲಕ ನೆಡುತ್ತಿದ್ದರು. ಗುಂಡಿಯನ್ನು ಚಮಚದಲ್ಲಿ ತೋಡುತ್ತಿದ್ದರು.

ಸಂಜೆ ಐದಕ್ಕೆ ಬೀದಿಯೇ ಬಂತು. ಬೋರ್ಡು ನೆಟ್ಟಾಯಿತು, ಇನ್ನು ಹಿರಿಯರನ್ನು ಒಮ್ಮೆ ಕಣ್ಣಲ್ಲಾದರೂ ನೋಡಿ ಬರೋಣ ಎಂದು ನರ್ಸಮ್ಮನೇ ಹೊರಡಿಸಿದ್ದರು. ಚಪ್ಪಲಿಗಳನ್ನು ಗೇಟಿನ ಆಚೆಯೇ ಬಿಟ್ಟು, ಹತ್ತು ಹನ್ನೆರಡು ಜನ ತುದಿಗಾಲಲ್ಲಿ ಒಳಗೆ ಬಂದು ಗೋಡೆಗೆ ಒರಗಿ ನಿಂತರು. ಒಬ್ಬರ ಕೈಯಲ್ಲಿ ಹಣ್ಣು. ಮೇಷ್ಟ್ರ ಕೈಯಲ್ಲಿ ಟ್ರಂಪೆಟ್ಟು, ಮರೆತು ಹಿಡಿದು ಬಂದದ್ದು. ಡಬ್ಬಿಯಣ್ಣನ ಕೈಯಲ್ಲಿ ಮುಚ್ಚಳದ ಡಬ್ಬಿ. ಒಳಗೆ ಅವನ ಹೆಂಡತಿ ಮಾಡಿದ ಮೀನಿನ ಸೂಪು, ಹಲ್ಲಿಲ್ಲದವರೂ ಕುಡಿಯಬಹುದಾದಷ್ಟು ತೆಳ್ಳಗಿನದು.

ನರ್ಸಮ್ಮ ನೇರವಾಗಿ ಒಳಕೋಣೆಗೆ ಹೋದರು. ಮಂಚ ಖಾಲಿ. ಹಾಸಿಗೆಯೂ ಇಲ್ಲ. ತಿರುಗಿ ಮೈಕಣ್ಣನ ಮುಖ ನೋಡಿ ಎರಡೂ ಅಂಗೈ ಅಗಲಿಸಿದರು: ಎಲ್ಲಿ?

ಇನ್ನು ಮುಚ್ಚಿಡುವುದು ಬೇಡ ಎಂದು ಮೈಕಣ್ಣ ಗಟ್ಟಿ ಮನಸ್ಸು ಮಾಡಿದ. ನಿಜವನ್ನೇ ತೋರಿಸಿದ. ತೋರುಬೆರಳೆತ್ತಿ ಮೇಲೆ ತೋರಿಸಿದ.

ನರ್ಸಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಡಬ್ಬಿಯಣ್ಣ ತಲೆಯ ಟೋಪಿ ತೆಗೆದ. ಹಣ್ಣು ತಂದವರು ಅದನ್ನು ಬೆನ್ನ ಹಿಂದೆ ಮರೆಮಾಡಿದರು. ಹನ್ನೆರಡು ತಲೆಗಳು ಒಟ್ಟಿಗೆ ತಗ್ಗಿದವು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಸತ್ತವರಿಗಾದರೂ ಇನ್ನು ಸದ್ದಿನ ಭಯವಿಲ್ಲವಲ್ಲ ಎಂದು ಹೊಳೆಯದಷ್ಟು ಅವರಿಗೆ ಮೌನ ರೂಢಿಯಾಗಿಬಿಟ್ಟಿತ್ತು. ಮೇಷ್ಟ್ರು ಮುಂದೆ ಬಂದು, ಟ್ರಂಪೆಟ್ಟಿನ ಕಡೆ, ಆಮೇಲೆ ಮೇಲಕ್ಕೆ, ಆಮೇಲೆ ತಮ್ಮ ಎದೆಯ ಕಡೆ ಕೈ ತೋರಿಸಿದರು: ಹಿರಿಯ ಜೀವಕ್ಕೆ ಗೌರವವಾಗಿ ಕೊನೆಯದಾಗಿ ಒಂದು ನುಡಿಸಲೇ?

ಮೈಕಣ್ಣ "ಬೇಡ" ಎನ್ನಲು ಬಾಯಿ ತೆರೆದ. ದನಿ ಬರಲಿಲ್ಲ. ಮೂರು ದಿನ ಪಿಸುಗುಟ್ಟಿ ಮನುಷ್ಯರು ಮಾತಾಡುವ ದನಿ ಪೂರಾ ಉಡುಗಿಹೋಗಿತ್ತು. ಗಂಟಲಲ್ಲಿ ಉಳಿದದ್ದು ಒಂದೇ. ಅವನು ಹೆಂಡತಿಯ ಕಡೆ ನೋಡಿದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಕ್ಕನ ಮನೆಗೆ ಹೊರಟವಳ ಹಾಗಂತೂ ಕಾಣಲಿಲ್ಲ. ಮೈಕಣ್ಣ ಬೆನ್ನು ನೆಟ್ಟಗೆ ಮಾಡಿದ. ಇಲ್ಲದ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡ.

"ದಯವಿಟ್ಟು ಗಮನಿಸಿ."

ಹನ್ನೆರಡು ಜನ ಒಂದು ಗೇಣು ಮೇಲಕ್ಕೆ ಹಾರಿ ಇಳಿದರು. ನಿಂತ ಗಡಿಯಾರದ ಗಾಜು ಜಣಗುಟ್ಟಿತು.

"ಈ ಮನೆಯಲ್ಲಿ ತೊಂಬತ್ತು ವರ್ಷದ ವೃದ್ಧೆಯರು ಯಾರೂ ಇರುವುದಿಲ್ಲ. ಇರುವುದು ಒಂದು ಬೆಕ್ಕು. ವಯಸ್ಸು ಒಂಬತ್ತು. ಸದರಿ ಬೆಕ್ಕು ನಾಲ್ಕು ದಿನಗಳಿಂದ ಅಟ್ಟದ ಮೇಲೆ ತಂಗಿದ್ದು, ಆಹಾರವನ್ನು ಸ್ವೀಕರಿಸಿರುವುದಿಲ್ಲ. ಇದನ್ನು ಸಕಾಲದಲ್ಲಿ ತಿಳಿಸದೆ ಇದ್ದುದು ಇದೇ ಮನೆಯ ಯಜಮಾನನ ತಪ್ಪು. ಇದಕ್ಕೆ ಇಂಜಿನ್ ಆಗಲಿ, ಸಿಗ್ನಲ್ ಆಗಲಿ ಕಾರಣವಲ್ಲ. ನಿಮ್ಮ ಕೆಲಸ ನಿಂತಿದೆ. ನಿಮ್ಮ ಸಂಗೀತ ನಿಂತಿದೆ. ನಿಮಗೆಲ್ಲ ಆದ ಅನನುಕೂಲಕ್ಕೆ..." ಇಲ್ಲಿ ಆ ಕಂಚಿನ ದನಿ ಒಮ್ಮೆ ನಡುಗಿತು. "...ತಪ್ಪಾಯ್ತು."

ಮೂವತ್ತೊಂದು ವರ್ಷದ ಅಭ್ಯಾಸ. ಒಂದು ಸಲಕ್ಕೆ ನಿಲ್ಲುವುದುಂಟೇ? ಅವನು ಮತ್ತೆ ಶುರುಮಾಡಿದ. "ದಯವಿಟ್ಟು ಗಮನಿಸಿ. ಈ ಮನೆಯಲ್ಲಿ..."

ಎರಡನೇ ಸಲ 'ಅಟ್ಟದ ಮೇಲೆ ತಂಗಿದ್ದು' ಎಂಬಲ್ಲಿಗೆ ಬರುವಾಗ ಅಟ್ಟದಿಂದ ಒಂದು ಹಾಸಿಗೆ ಸರಿದು ಧೂಳೆಬ್ಬಿಸಿಕೊಂಡು ಕೆಳಗೆ ಬಿತ್ತು. ಅದರ ಹಿಂದೆ ಪಾರ್ಸಲ್. ಒಂದು ಹಿಡಿಯಾಗಿತ್ತು, ಕಿವಿ ಮಾತ್ರ ಮೊದಲಿನಷ್ಟೇ ಇತ್ತು, ಎರಡೂ ನೆಟ್ಟಗೆ. ಅಪರಿಚಿತರ ಇಪ್ಪತ್ತನಾಲ್ಕು ಕಾಲುಗಳ ನಡುವೆ ಕ್ಯಾರೇ ಎನ್ನದೆ ನಡೆದು ಬಂದು, ಪ್ರಕಟಣೆ ಹೊರಡಿಸುತ್ತಿದ್ದ ಮನುಷ್ಯನ ಪಾದದ ಮೇಲೆ, ಎರಡು ಜೊತೆ ಕಾಲುಚೀಲಗಳ ಮೇಲೆ, ಕೂತಿತು. ಎರಡನೇ ಸಲದ "ತಪ್ಪಾಯ್ತು" ಮುಗಿಯುವವರೆಗೂ ಕೇಳಿತು. ಆಮೇಲೆ ಡಬ್ಬಿಯಣ್ಣನ ಕಡೆ ತಿರುಗಿ ಬಾಯಿ ಬಿಟ್ಟಿತು.

ಹೆಂಡತಿ ಬಂದು ಡಬ್ಬಿಯ ಮುಚ್ಚಳ ತೆಗೆದಳು. ಪಾರ್ಸಲ್ ಸೂಪು ನೆಕ್ಕುವ ಸದ್ದು ಮನೆಯೆಲ್ಲ ಕೇಳಿತು.

"ಅಂದ್ರೆ..." ನರ್ಸಮ್ಮನಿಗೆ ಮೊದಲು ಮಾತು ಬಂತು, ಮೂರು ದಿನದ ಬಾಕಿಯೆಲ್ಲ ಸೇರಿ ಬಂತು. "ಅಂದ್ರೆ ನಾನು ಮೂರು ದಿನದಿಂದ ಸೀನು ನುಂಗ್ತಾ ಇದ್ದದ್ದು ಬೆಕ್ಕಿಗೇನ್ರೀ? ನನಗೆ ನೆಗಡಿ ಕಣ್ರೀ! ಒಂದೊಂದು ಸೀನೂ ಇಲ್ಲಿ ಗಂಟು ಕಟ್ಕೊಂಡಿದೆ!"

"ನನ್ನ ಶಿಷ್ಯರು ಮೂರು ದಿನ ಬರೀ ಬೆರಳಾಡಿಸಿದ್ರು," ಎಂದರು ಮೇಷ್ಟ್ರು ಯೋಚಿಸುತ್ತಾ. "ನಿಜ ಹೇಳ್ಬೇಕು ಅಂದ್ರೆ, ಅಷ್ಟು ಚೆನ್ನಾಗಿ ಅವರು ಯಾವತ್ತೂ ನುಡಿಸಿರಲಿಲ್ಲ."

ಯಾರೋ ಕಿಸಕ್ಕೆಂದರು. ನಗು ಗೋಡೆಯಿಂದ ಗೋಡೆಗೆ ಹಬ್ಬಿತು. ಡಬ್ಬಿಯಣ್ಣ ಒಬ್ಬ ನಗಲಿಲ್ಲ. ಅವನ ನಷ್ಟ ನಗುವಂಥದ್ದಲ್ಲ. ಅವನು ಬೆಕ್ಕನ್ನು ನೋಡಿದ, ಖಾಲಿಯಾಗುತ್ತಿದ್ದ ತನ್ನ ಡಬ್ಬಿಯನ್ನು ನೋಡಿದ, ಟೋಪಿ ಹಾಕಿಕೊಂಡು ಹೊರಟುಹೋದ. ನಗು ಅಲ್ಲಿಗೇ ತಣ್ಣಗಾಯಿತು. ಮೈಕಣ್ಣ ತಲೆ ತಗ್ಗಿಸಿ ನಿಂತ.

ಎರಡು ನಿಮಿಷ ಕಳೆದಿರಬಹುದು. ಎದುರು ಮನೆಯಿಂದ ಒಂದು ಸದ್ದು ಬಂತು.

ಢಣ್!

ಎಲ್ಲರೂ ಉಸಿರು ಹಿಡಿದು ಪಾರ್ಸಲ್ಲನ್ನು ನೋಡಿದರು. ಅದರ ಒಂದು ಕಿವಿ ಆ ಕಡೆ ತಿರುಗಿತು. ಆಮೇಲೆ ಮೊದಲಿನ ಜಾಗಕ್ಕೆ ಬಂತು. ನೆಕ್ಕುವುದು ನಿಲ್ಲಲಿಲ್ಲ.

ಢಣ್, ಢಣ್! ಎದುರು ಹೊಸಲಿನಿಂದ ಡಬ್ಬಿಯಣ್ಣನ ಗಂಟಲು ಕೇಳಿಸಿತು: "ತಿಂತಾ ಇದೆಯೇನ್ರಪ್ಪಾ ಇನ್ನೂ?"

"ತಿಂತಾ ಇದೆ!" ಎಂದು ಬೀದಿಗೆ ಬೀದಿಯೇ ಕೂಗಿತು. ನರ್ಸಮ್ಮ ಕೂಗಲಿಲ್ಲ, ಅವರು ಒಂದರ ಹಿಂದೊಂದು ಏಳು ಸಲ ಸೀನಿದರು. ಅದಕ್ಕೆ ಮಾತ್ರ ಪಾರ್ಸಲ್ ಬೀರುವಿನ ಹಿಂದೆ ಓಡಿತು. ಬೆಕ್ಕು ಮಾಮೂಲಿಗೆ ಬಂತು ಎಂದು ಮೈಕಣ್ಣನಿಗೆ ಆಗ ಖಾತ್ರಿಯಾಯಿತು.

ಮರುದಿನ ಮೈಕಣ್ಣ ವಾರ್ಡ್ ಆಫೀಸಿಗೆ ಹೋಗಿ ಫಲಕ ತೆಗೆಸಲು ಅರ್ಜಿ ಕೊಟ್ಟ. ಹಾಕುವುದಕ್ಕೆ ಒಂದು ಫಾರಂ ಸಾಕು, ತೆಗೆಯುವುದಕ್ಕೆ ಮೂರು ಬೇಕು, ಅದರಲ್ಲಿ ಒಂದು ಇನ್ನೂ ಅಚ್ಚಾಗಿಲ್ಲ ಎಂದರು ವಾರ್ಡಿನವರು. ಹೀಗಾಗಿ "ನಿಶ್ಶಬ್ದ ವಲಯ" ಎಂಬ ಫಲಕ ಇವತ್ತಿಗೂ ಅಲ್ಲೇ ಇದೆ. ಅದರ ಬುಡದಲ್ಲಿ ಕೂತು ಡಬ್ಬಿಯಣ್ಣ ತಗಡು ಬಡಿಯುತ್ತಾನೆ.

ಅಂದು ಆಫೀಸಿನಿಂದ ಹಿಂದಿರುಗುವಾಗ ಹೊತ್ತು ಮೀರಿತ್ತು. ಪಾರ್ಸಲ್ಲಿನ ಮಧ್ಯಾಹ್ನದ ಊಟಕ್ಕೆ ಒಂದು ಗಂಟೆ ತಡ. ಕೂಗುವವರಿಲ್ಲದೆ ಅದು ಮತ್ತೆ ಅಟ್ಟ ಹತ್ತಿ ಕೂತಿರುತ್ತದೆ ಎಂದು ಮೈಕಣ್ಣ ಏದುಸಿರು ಬಿಡುತ್ತಾ ಓಡಿಬಂದ. ಚಪ್ಪಲಿ ಬಿಟ್ಟು ಬಾಗಿಲಿಗೆ ಕೈ ಹಾಕಿದವನು ಹಾಗೇ ನಿಂತ. ಒಳಗಿನಿಂದ ಅವನದೇ ದನಿ ಬರುತ್ತಿತ್ತು. ಅವನದೇ ಎಳೆತ, ಅವನದೇ ಗತ್ತು, 'ಗಮನಿಸಿ'ಯ ಕೊನೆಯಲ್ಲಿ ಅವನದೇ ಸಣ್ಣ ತೇಲು. ಬೇರೆಯವರ ಗಂಟಲಿನಲ್ಲಿತ್ತು, ಅಷ್ಟೆ.

"ದಯವಿಟ್ಟು ಗಮನಿಸಿ. ಹಾಲು ಮತ್ತು ಅನ್ನ ಅಡುಗೆಮನೆಯ ಎರಡನೇ ಪ್ಲಾಟ್‌ಫಾರಂಗೆ ಬಂದು ತಲುಪಿದೆ. ದಯವಿಟ್ಟು ಗಮನಿಸಿ..."

ಹಿಂದಿನಿಂದ ಹೊಲಿಗೆ ಯಂತ್ರ, ಗೂಡ್ಸ್ ಗಾಡಿಯ ಹಾಗೆ, ಕಟಕಟ ಓಡುತ್ತಿತ್ತು. ಮೂವತ್ತೊಂದು ವರ್ಷ ಇವಳು ಬೇಸರದಿಂದ ಕಿವಿ ಮುಚ್ಚಿಕೊಂಡಿದ್ದಾಳೆ ಎಂದೇ ಅವನು ತಿಳಿದಿದ್ದ. ಅವಳು ಒಂದಕ್ಷರವನ್ನೂ ಬಿ‌ಟ್ಟಿರಲಿಲ್ಲ, ಎಲ್ಲ ಬಾಯಿಪಾಠ. ಪ್ಲಾಟ್‌ಫಾರಂನಲ್ಲಿ ನಿಂತು ಕಾಯುವವರಿಗೆ ಈ ದನಿ ಹೇಗೆ ಕೇಳಿಸುತ್ತದೆ ಎಂದು ಮೈಕಣ್ಣನಿಗೆ ಗೊತ್ತಾದದ್ದು ಆವತ್ತೇ. ಅವನು ಗೋಡೆಗೊರಗಿ, ಎರಡನೇ ಸಲವೂ ಮುಗಿಯಲಿ ಎಂದು ಕಾದ.

ಎರಡನೇ ಸಲ ಮುಗಿಯಿತು. ಯಂತ್ರ ನಿಂತಿತು.

"ಬಾಗಿಲಲ್ಲಿ ನಿಂತಿರುವ ಗಾಡಿ ಒಂದು ಗಂಟೆ ತಡವಾಗಿ ಬಂದಿರುತ್ತದೆ," ಎಂದಿತು ದನಿ. "ಊಟ ಆರ್ತಾ ಇದೆ. ಒಳಗೆ ಬರಬಹುದು."